ಲಗ್ನದ ಬಟ್ಟೆಯಲ್ಲಿ ಬೀದರಿಗೆ

೧೯೯೧ರಲ್ಲಿ, ಏಳನೆಯ ತರಗತಿಗೆ, ನಾನು ಶಾಲೆ ಬಿಟ್ಟೆ. ಈಗ ಭಾಲ್ಕಿ ತಾಲೂಕಿನ ಮೆಹಕರದಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಬೋರ್‌ವೆಲ್ ಮೋಟರ್ ಸುಟ್ಟರೆ ಗಡಿಯಾಚೆಯ ಮಹಾರಾಷ್ಟ್ರದ ಹಳ್ಳಿಗಳಿಂದಲೂ ಬೈಕಿಗೆ ಕಟ್ಟಿಕೊಂಡು ನನ್ನ ಹತ್ತಿರ ತರುತ್ತಾರೆ. ನಾನು ಸುತ್ತಿದ ಕಾಯಿಲ್ ಅದೇ ಹಂಗಾಮಿನಲ್ಲಿ ಸುಟ್ಟು ಮರಳಿ ಬಂದದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಎಂದರೂ ನನಗೇನೂ ಬೇಸರವಿಲ್ಲ. ಹೋದ ಮಾಘದಲ್ಲಿ ಮಗಳನ್ನು ಕರೆದುಕೊಂಡು ಭಾಲ್ಕಿ, ಬೀದರ್, ಔರಾದ್ ತಿರುಗಿ ಮನೆಗೆ ಬಂದ ಎರಡು ದಿನದ ಸಂಗತಿ ಇದು. ನಮ್ಮಂಥ ತಂದೆತಾಯಿ ಯಾರಾದರೂ ಓದಿದರೆ ಅವರಿಗೂ ದಾರಿ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಮಗಳ ಹೆಸರು ಸುವರ್ಣಾ, ಹದಿನೈದು ವರ್ಷ. ಕಾಯಿಲ್ ಸುತ್ತುವಾಗ ನಾನು ಹಿಡಿಕೆ ತಿರುಗಿಸುವುದು, ಅವಳು ಪಕ್ಕದ ಎಣ್ಣೆಡಬ್ಬಿಯ ಮೇಲೆ ಕುಳಿತು ಸುತ್ತು ಎಣಿಸುವುದು. ಅವಳ ಎರಡನೆಯ ತರಗತಿಯಿಂದ ನಡೆದುಬಂದ ರೂಢಿ. ಮಷೀನಿನ ಸುತ್ತು ಎಣಿಸುವ ಮೀಟರು ಕೆಟ್ಟು ಎಷ್ಟೋ ವರ್ಷವಾಗಿತ್ತು, ನಾನು ಮಾಡಿಸಲಿಲ್ಲ. ಅವಳ ದನಿ ಇತ್ತಲ್ಲ. ನೂರು ಮುಟ್ಟಿದಾಗ ಒಮ್ಮೆ ಉಸಿರೆಳೆದುಕೊಂಡು ಮುಂದೆ ಹೋಗುತ್ತಿದ್ದಳು. ದಸರೆಯ ಹೊತ್ತಿಗೆ ಆ ದನಿ ನಿಂತಿತು. ಮೊದಲು ಮಾತು ಕಡಿಮೆಯಾಯಿತು, ಆಮೇಲೆ ನಿದ್ದೆ, ಊಟ, ಶಾಲೆ. ಗೋಡೆಗೆ ಮುಖ ಮಾಡಿ ಕುಳಿತುಬಿಟ್ಟಳು. ದೇವರ ಹರಕೆ ಆಯಿತು, ದರ್ಗಾದ ತಾಯಿತವೂ ಆಯಿತು. ನಾನೊಬ್ಬನೇ ಎಣಿಸುತ್ತ ಸುತ್ತಿದರೆ ಅರವತ್ತು ಎಪ್ಪತ್ತಕ್ಕೆ ಲೆಕ್ಕ ತಪ್ಪುತ್ತಿತ್ತು. ತಂತಿ ಬಿಚ್ಚುವುದು, ಮತ್ತೆ ಸುತ್ತುವುದು.

ನಮ್ಮೂರ ಆಶಾ ಕಾರ್ಯಕರ್ತೆ ಒಂದು ದಿನ ಅಂಗಡಿಗೆ ಬಂದು ಹೇಳಿದಳು: "ಕಾಕಾ, ಬೀದರದ ದೊಡ್ಡ ದವಾಖಾನ್ಯಾಗ ಮನಸ್ಸಿನ ಡಾಕ್ಟರ ಇರ್ತಾರ. ಮಂಗಳವಾರ ಹೋಗ್ರಿ. ಬೇವಿನ ಗಿಡದ ಕೆಳಗ ಔರಾದಿನ ಶಾಂತಾಬಾಯಿ ಕೂತಿರ್ತಾಳ. ಆಕಿ ಮಗಳಿಗೂ ಹಿಂಗೇ ಆಗಿತ್ತು. ಹೊಸಾ ಮಂದಿಗಿ ಚೀಟಿ ಎಲ್ಲಿ, ಖೋಲಿ ಎಲ್ಲಿ, ಎಲ್ಲಾ ಆಕಿನೇ ತೋರಸ್ತಾಳ."

ಹೋಗುವುದೇನೋ ಸರಿ, ಆದರೆ ಊರಿಗೆ ಏನು ಹೇಳುವುದು? ಹುಚ್ಚಿನ ಡಾಕ್ಟರ ಕಡೆ ಹೋದಳು ಎಂದು ಒಮ್ಮೆ ಬಾಯಿಗೆ ಬಿದ್ದರೆ ನಾಳೆ ಈ ಹುಡುಗಿಯನ್ನು ಯಾರು ಕೇಳಿಕೊಂಡು ಬರುತ್ತಾರೆ? ಉಪಾಯ ನನ್ನ ಹೆಂಡತಿಯದು. ಮಾಘ ಎಂದರೆ ಲಗ್ನದ ದಿನಗಳು. ಲಗ್ನದ ಬಟ್ಟೆ ಹಾಕಿಕೊಂಡು ಹೊರಟವರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ನಾನು ಬಿಳಿ ಧೋತರ, ಹೊಸ ಅಂಗಿ, ಟೋಪಿ ಹಾಕಿಕೊಂಡೆ. ಸುವರ್ಣಾಳಿಗೆ ಅವಳ ಅವ್ವ ಹಸಿರು ರೇಷ್ಮೆ ಲಂಗ ಉಡಿಸಿ, ಮಲ್ಲಿಗೆ ಮುಡಿಸಿದಳು. ಹುಡುಗಿ ಬೇಡ ಎನ್ನಲೂ ಇಲ್ಲ, ಕನ್ನಡಿ ನೋಡಲೂ ಇಲ್ಲ.

ಬೆಳಿಗ್ಗೆ ಏಳರ ಬಸ್ಸು. ಚಳಿಯಿತ್ತು. ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದಾಗ ಸಾಯಗಾಂವದ ಬಟ್ಟೆ ವ್ಯಾಪಾರಿ ವೈಜನಾಥಪ್ಪ ಗಂಟು ಹೊತ್ತುಕೊಂಡು ಎದುರಾದ.

"ಏನ್ರೀ ಮಿಸ್ತ್ರಿ, ನವರದೇವ ಆಗಿ ಹೊಂಟೀರಿ! ಯಾರ್ದು ಲಗ್ನ?"

"ನಮ್ಮ ಅಕ್ಕನ ಮನ್ಯಾಗರಿ. ಬೀದರದಾಗ."

"ನಿಮಗ ಅಕ್ಕ ಅದಾಳಂತ ಇವತ್ತ ಗೊತ್ತಾತ ನೋಡ್ರಿ. ನನಗ ಪತ್ರಿಕಿ ಇಲ್ಲ ಏನಿಲ್ಲ!"

"ಗಡಿಬಿಡಿ ಲಗ್ನರಿ."

ಅಷ್ಟಕ್ಕೇ ಬಿಡಲಿಲ್ಲ. ಗಂಟು ಬಿಚ್ಚಿ ಕೆಂಪು ಅಂಚಿನ ಒಂದು ಕುಪ್ಪಸದ ಖಣ ತೆಗೆದು ನನ್ನ ಕೈಗಿಟ್ಟ. "ಎರಡ್ ಸಲ ನನ್ನ ಮೋಟರಿನ ಜೀವ ಉಳಿಸೀರಿ. ನಂದೂ ಒಂದು ಆಹೇರ ನಿಮ್ಮ ಅಕ್ಕಗ ಮುಟ್ಟಸ್ರಿ." ಆಮೇಲೆ ಸುವರ್ಣಾಳತ್ತ ತಿರುಗಿದ. "ಏನವಾ, ಇಷ್ಟ ಛಂದ ತಯಾರಾಗಿ ಮಾತೇ ಇಲ್ಲಲ್ಲ?"

"ನಾಚಿಕಿರಿ ಆಕಿಗಿ" ಎಂದು ನಾನೇ ಹೇಳಿದೆ. ಇಲ್ಲದ ಅಕ್ಕನ ಖಣವನ್ನು ಚೀಲದ ತಳಕ್ಕೆ ತುರುಕಿದೆ.

ಭಾಲ್ಕಿಯಿಂದ ಬೀದರಿಗೆ ನಲವತ್ತು ಕಿಲೋಮೀಟರಿನ ಆಸುಪಾಸು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಸುವರ್ಣಾಳ ಆಧಾರ್ ಕಾರ್ಡು ತೋರಿಸಿ ಶೂನ್ಯದ ಟಿಕೆಟ್ ಪಡೆದೆ, ನನ್ನದಕ್ಕೆ ದುಡ್ಡು ಕೊಟ್ಟೆ. ಹೊರಗೆ ಜೋಳ ತೆನೆಗಟ್ಟಿತ್ತು, ತೊಗರಿ ಕೊಯ್ದು ಬಣವೆ ಹಾಕಿದ್ದರು. ಚಿಕ್ಕವಳಿದ್ದಾಗ ಇದೇ ದಾರಿಯಲ್ಲಿ ಅವಳು ಕಿಟಕಿಗೆ ಮೂಗು ಒತ್ತಿ ಕಿಲೋಮೀಟರ್ ಕಲ್ಲು ಎಣಿಸುತ್ತಿದ್ದಳು. ಒಂದು ಕಲ್ಲು ತಪ್ಪಿದರೆ ಡ್ರೈವರನ ಮೇಲೆ ಸಿಟ್ಟು. ಆ ದಿನ ಕಲ್ಲುಗಳು ತಮ್ಮ ಪಾಡಿಗೆ ಹಿಂದೆ ಹೋದವು. ಅವಳು ಕಿಟಕಿಯ ಕಡೆಗೇ ಕುಳಿತಿದ್ದಳು. ನಾನು ಅವಳ ತುಟಿ ನೋಡುತ್ತಿದ್ದೆ.

ಕಪ್ಪು ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಯಿತೆಂದರೆ ಬೀದರ್ ಬಂತು. ಇಳಿದು ಗಾಡಿಯ ಮೇಲೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತೆಗೆದುಕೊಂಡೆ. ಅವಳು ಎರಡು ತುತ್ತು ತಿಂದಳು. ದವಾಖಾನೆಯ ಗೇಟಿನವರೆಗೆ ಹೋದೆವು, ದಾಟಿ ಮುಂದೆ ಹೋದೆವು. ತಿರುಗಿ ಬಂದು ಮತ್ತೆ ದಾಟಿದೆವು. ಹತ್ತು ಎಚ್‌ಪಿಯ ಮೋಟರನ್ನು ಒಬ್ಬನೇ ಎತ್ತುವವನು ನಾನು. ಆ ಗೇಟಿನೊಳಗೆ ಕಾಲಿಡಲು ಆಗಲಿಲ್ಲ. ವಾಪಸ್ ಹೋಗಿಬಿಡೋಣ ಎಂದು ಮಗಳ ಕೈ ಹಿಡಿದಾಗ ಒಳಗಿನ ಬೇವಿನ ಗಿಡದ ಕೆಳಗಿನಿಂದ ಒಬ್ಬ ಹೆಣ್ಣುಮಗಳು ಕೂಗಿದಳು.

"ಅಣ್ಣಾರ, ದವಾಖಾನಿ ಮುಂದಿಲ್ಲ, ಇಲ್ಲೇ ಅದ. ಬರ್ರಿ."

"ನಾವು ಲಗ್ನಕ್ಕ ಬಂದೀವ್ರಿ" ಎಂದೆ.

"ಗೊತ್ತದ್ರಿ. ಅವರೂ ಲಗ್ನಕ್ಕೇ ಬಂದಾರ." ಆಕೆ ಕಟ್ಟೆಯ ಕಡೆ ಕೈ ಮಾಡಿದಳು. ಅಲ್ಲಿ ಜರಿ ಅಂಚಿನ ಧೋತರದ ಒಬ್ಬಾತ ಹೊಸ ಕೋಟು ತೊಟ್ಟ ಮಗನ ಜೊತೆ ತಲೆ ತಗ್ಗಿಸಿ ಕುಳಿತಿದ್ದ. "ಮೊದಲ ಸಲ ಬರೋರೆಲ್ಲಾ ಲಗ್ನಕ್ಕೇ ಬರ್ತಾರ. ನಾ ಬಂದಾಗ ಪೈಠಣಿ ಸೀರಿ ಉಟ್ಟಿದ್ದೆ, ಕೈತುಂಬ ಹಸಿರು ಬಳಿ. ಎರಡನೇ ಸಲಕ್ಕ ನೀವೂ ಹರಕ ಚಪ್ಪಲದಾಗೇ ಬರ್ತೀರಿ, ನೋಡ್ರಿ ಬೇಕಾದ್ರ."

ಕಿವಿ ಬಿಸಿಯಾದವು. ಆಮೇಲೆ, ಎಷ್ಟೋ ತಿಂಗಳ ಮೇಲೆ, ನಗು ಬಂತು. ಶಾಂತಾಬಾಯಿ ಎಂದರೆ ಈಕೆಯೇ.

ಚೀಟಿ ಮಾಡಿಸಿಕೊಟ್ಟಳು, ಖೋಲಿ ತೋರಿಸಿದಳು, ನಮ್ಮ ಪಾಳಿ ಬರುವ ತನಕ ಸುವರ್ಣಾಳ ಪಕ್ಕದಲ್ಲಿ ಕುಳಿತಳು. ಒಳಗೆ ವಯಸ್ಸಿನಲ್ಲಿ ಸಣ್ಣ ಡಾಕ್ಟರಮ್ಮ. ಮಗಳಿಗೆ ಕೇಳಿದ ಪ್ರತಿಯೊಂದಕ್ಕೂ ನಾನೇ ಉತ್ತರ ಕೊಡುತ್ತಿದ್ದೆ. ನಿದ್ದೆ ಬರುತ್ತದೇನು ಎಂದರೆ ನಾನು, ಹಸಿವು ಆಗುತ್ತದೇನು ಎಂದರೆ ನಾನು. ನಮ್ಮ ಜೊತೆ ಒಳಗೆ ಬಂದಿದ್ದ ಶಾಂತಾಬಾಯಿ ಎದ್ದು ನಿಂತಳು.

"ಡಾಕ್ಟರಮ್ಮಾ, ಈ ಅಣ್ಣಾರ ಬಾಯಿಗಿ ಹೊರಗ ಕರಕೊಂಡ ಹೋಗ್ತೀನ್ರಿ. ಚಾ ಕುಡಿಸ್ತೀನಿ."

ಬಾಗಿಲು ಮುಚ್ಚಿತು. ಅರ್ಧ ತಾಸು ನಾವು ಹೊರಗಿದ್ದೆವು. ಮಗಳು ಒಳಗೆ ಮಾತಾಡಿದಳೋ, ಅತ್ತಳೋ, ಸುಮ್ಮನೆ ಕುಳಿತಳೋ ನನಗೆ ಇವತ್ತಿಗೂ ತಿಳಿಯದು. ಡಾಕ್ಟರಮ್ಮ ನನ್ನನ್ನು ಕರೆದು ಹೇಳಿದ್ದು ಇಷ್ಟು: ಇದು ಮನಸ್ಸು ಕುಗ್ಗಿದ ಬೇನೆ. ಯಾರ ತಪ್ಪೂ ಅಲ್ಲ. ಗುಳಿಗೆ ಬೇಕು, ಎರಡು ವಾರಕ್ಕೊಮ್ಮೆ ಬಂದು ಮಾತಾಡಬೇಕು, ಗುಣ ಕಾಣಲು ತಡವಾಗುತ್ತದೆ.

"ನಾಳಿ ಈಕಿ ಲಗ್ನಕ್ಕ ತೊಂದರಿ ಆಗ್ತದೇನ್ರಿ?" ಎಂದು ಕೇಳಿದೆ.

"ಮೊದಲ ನಿದ್ದಿ, ಊಟ, ಸಾಲಿ ನೋಡೋಣ್ರಿ" ಎಂದರು.

ಗುಳಿಗೆ ಕಿಸೆಯಲ್ಲಿಟ್ಟುಕೊಂಡು ಗಿಡದ ಕೆಳಗೆ ಬಂದೆ. ಇಂದೇ ಚಾಲೂ ಮಾಡುವುದಿಲ್ಲ, ವಿಚಾರ ಮಾಡುತ್ತೇನೆ ಎಂದೆ. ಶಾಂತಾಬಾಯಿ ಬೈಯಲಿಲ್ಲ. "ವಿಚಾರ ಮಾಡ್ಲಾಕ ನಾನೂ ಎರಡ್ ವರ್ಷ ತಗೊಂಡೆ. ಆ ಎರಡ್ ವರ್ಷ ನನ್ನ ಮಗಳು ಗ್ವಾಡಿ ನೋಡ್ಕೋತ ಕಳದಳು. ನಾಕರ ಬಸ್ಸಿಗಿ ಔರಾದಿಗಿ ಬರ್ರಿ. ಆಕಿಗಿ ನೋಡ್ರಿ. ಬ್ಯಾಡ ಅನಸಿದ್ರ ನಾಳಿ ಗುಳಿಗಿ ಬಾವಿಗಿ ಒಗೀರಿ."

ಹೆಂಡತಿಗೆ ಫೋನು ಮಾಡಿದೆ. "ಹೋಗ್ರಿ" ಎಂದಳು.

ಔರಾದಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಸಂತಪುರ ದಾಟುವಾಗ ಬಿಸಿಲು ಇಳಿದಿತ್ತು. ಶಾಂತಾಬಾಯಿಯ ಮನೆ ಊರಂಚಿನಲ್ಲಿ ತಗಡಿನ ಎರಡು ಖೋಲಿ. ಆಕೆಯ ಗಂಡ ಕುರಿ ಹೊಡೆದುಕೊಂಡು ಆಗಷ್ಟೇ ಬಂದಿದ್ದ. ಮಗಳು ರೇಣುಕಾಳಿಗೆ ಇಪ್ಪತ್ತರ ಮೇಲಿರಬಹುದು, ಬಟ್ಟೆ ಹೊಲಿಯುತ್ತಾಳೆ. ನಮ್ಮೆದುರಿಗೇ ಗೂಡಿನಿಂದ ಗುಳಿಗೆ ತೆಗೆದು, ನೀರು ಕುಡಿದು, ಸೆರಗಿಗೆ ಬಾಯಿ ಒರೆಸಿಕೊಂಡು ರೊಟ್ಟಿ ಬಡಿಯಲು ಕುಳಿತಳು. ಮುಚ್ಚಿಡಲಿಲ್ಲ. ನಮ್ಮಪ್ಪ ಬಿಪಿಯ ಗುಳಿಗೆ ನುಂಗುತ್ತಿದ್ದುದು ಹೀಗೆಯೇ.

"ಕಾಕಾ, ನನಗೂ ಗ್ವಾಡಿನೇ ಗೆಳತಿ ಇತ್ರಿ" ಎಂದು ನಕ್ಕಳು. "ಈಗೂ ಒಮ್ಮೊಮ್ಮಿ ಬಾ ಅಂತ ಕರೀತದ. ಅವಾಗ ಅವ್ವಗ ಹೇಳಿಬಿಡ್ತೀನಿ."

ಸುವರ್ಣಾ ಒಲೆಯ ಹತ್ತಿರ ಮೂಲೆಯಲ್ಲಿ ಕುಳಿತಿದ್ದಳು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬೆಳಿಗ್ಗೆಯಿಂದ ಹೊಟ್ಟೆಗೆ ಸರಿಯಾಗಿ ಬಿದ್ದಿರಲಿಲ್ಲ, ತಲೆಯೆತ್ತದೆ ಉಂಡೆ.

"ರೊಟ್ಟಿ ಎಷ್ಟ ಆದವ್ರಿ ಕಾಕಾ? ನಾಚಬ್ಯಾಡ್ರಿ."

"ಮೂರ ಆದವವಾ. ಸಾಕು."

"ನಾಕು."

ಮೂಲೆಯಿಂದ ಬಂದ ದನಿ. ಸಣ್ಣದು, ತುಕ್ಕು ಹಿಡಿದದ್ದು. ಆದರೆ ಅದೇ ದನಿ, ಲೆಕ್ಕ ತಪ್ಪಿದರೆ ಅಪ್ಪನನ್ನೂ ಬಿಡದ ದನಿ. ಶಾಂತಾಬಾಯಿ ಸುಮ್ಮನಿರಿ ಎಂದು ನನಗೆ ಕೈಸನ್ನೆ ಮಾಡಿದಳು. ರೇಣುಕಾ ರೊಟ್ಟಿ ಬಡಿಯುವುದನ್ನು ಬಿಡಲಿಲ್ಲ, ಹಿಂದೆ ತಿರುಗಲೂ ಇಲ್ಲ.

"ನಾಕಾ? ಮತ್ತ ಕಾಕಾ ಸುಳ್ಳ ಹೇಳ್ಲತ್ತಾರ!"

"ಐದನೇದು ಹಾಕವಾ" ಎಂದೆ. ಹೊಟ್ಟೆಯಲ್ಲಿ ಜಾಗವಿರಲಿಲ್ಲ. ಅವಳು ಐದು ಎನ್ನಲಿ ಎಂದು ಹಾಕಿಸಿಕೊಂಡೆ. ತಡೆತಡೆದು ಉಂಡೆ. ಅವಳು ಎನ್ನಲಿಲ್ಲ.

ಊಟವಾದ ಮೇಲೆ ಕಿಸೆಯಿಂದ ಗುಳಿಗೆ ತೆಗೆದು ನಾನೇ ಬಿಡಿಸಿ ಕೊಟ್ಟೆ. ನೀರಿನ ಲೋಟ ಹಿಡಿದದ್ದು ರೇಣುಕಾ.

ಮರುದಿನ ಬೆಳಿಗ್ಗೆ ಹೊರಡುವಾಗ ಚೀಲದ ತಳದಿಂದ ಖಣ ತೆಗೆದು ಶಾಂತಾಬಾಯಿಯ ಮುಂದೆ ಹಿಡಿದೆ. "ಇದು ನಿಮ್ದೇ ಅಕ್ಕಾ. ಬೀದರದಾಗಿರೋ ನಮ್ಮ ಅಕ್ಕಗ ಬಂದ ಆಹೇರ." ವೈಜನಾಥಪ್ಪನ ಕತೆ ಹೇಳಿದಾಗ ಆಕೆ ಹೊಟ್ಟೆ ಹಿಡಿದು ನಕ್ಕಳು. ನಗುತ್ತಲೇ ಖಣವನ್ನು ಕಣ್ಣಿಗೊತ್ತಿಕೊಂಡಳು, ತುಸು ಹೊತ್ತು ಅಲ್ಲಿಂದ ತೆಗೆಯಲಿಲ್ಲ. ಸುವರ್ಣಾಳ ಹಣೆಗೆ ಕುಂಕುಮ ಹಚ್ಚಿದಳು. "ಎರಡ್ ವಾರ ಬಿಟ್ಟು ಬರ್ರಿ. ಹಳೀ ಬಟ್ಟ್ಯಾಗ."

ಔರಾದಿನಿಂದ ನೇರ ಭಾಲ್ಕಿಗೆ ಬಸ್ಸು ಸಿಕ್ಕಿತು. ಮಗಳನ್ನು ಕಿಟಕಿಯ ಕಡೆ ಕೂಡಿಸಿದೆ. ಕಿಲೋಮೀಟರ್ ಕಲ್ಲು ಬಂದಾಗಲೆಲ್ಲ ಅವಳ ತುಟಿ ಅಲುಗಿದಂತೆ ಕಂಡಿತು. ರಸ್ತೆ ಕೆಟ್ಟಿತ್ತು, ಬಸ್ಸಿನ ಕುಲುಕಾಟವೂ ಇರಬಹುದು. ಮನೆಯ ಬಾಗಿಲಲ್ಲಿ ಅವಳ ಅವ್ವ ನಿಂತಿದ್ದಳು, ನನ್ನ ಮುಖ ನೋಡಲಿಲ್ಲ, ಮಗಳ ಮುಖ ನೋಡಿದಳು.

ಆಮೇಲೆ ಎಷ್ಟೋ ಮಂಗಳವಾರ ಹೋಗಿಬಂದೆವು. ತಿಂಗಳಿಗೊಂದು ಮಂಗಳವಾರ ಆ ಬೇವಿನ ಗಿಡದ ಕೆಳಗೆ ನಾನೂ ಕೂಡುತ್ತೇನೆ. ಗೇಟಿನ ಮುಂದೆ ರೇಷ್ಮೆ ಸೀರೆ, ಜರಿ ಧೋತರ ಎರಡು ಸಲ ಸುಳಿದಾಡಿದರೆ ಎದ್ದು ಹೋಗಿ ಕರೆಯುತ್ತೇನೆ.

ಈಗ ನನ್ನ ಹತ್ತಿರ ಇರುವುದು ಇಷ್ಟು: ಒಂದು ಅಂಗಡಿ, ಎರಡು ವೈಂಡಿಂಗ್ ಮಷೀನು, ಒಂದು ಎಮ್ಮೆ, ಬೀದರಿನ ಕೆಂಪು ಮಣ್ಣಿನ ಕಲೆ ಹೋಗದ ಒಂದು ಧೋತರ, ಔರಾದಿನಲ್ಲಿ ಒಬ್ಬ ಅಕ್ಕ. ಮನೆಯಲ್ಲಿ ಹೆಂಡತಿ. ಎಣ್ಣೆಡಬ್ಬಿಯ ಮೇಲೆ ಮಗಳು. ಮೊನ್ನೆ ಅವಳು ನಲವತ್ತೊಂದರ ತನಕ ಎಣಿಸಿದಳು. ಉಳಿದದ್ದನ್ನು ನಾನು ಎಣಿಸಿದೆ.