ಎರಡನೇ ಬಾಗಿಲ ಮಣಿಕಟ್ಟುಗಳು

ಮೂಳೆ ಆಸ್ಪತ್ರೆಯ ನೆಲಮಹಡಿಯಲ್ಲಿ ಎಕ್ಸ್‌ರೇ ಕೋಣೆ ದಾಟಿ ಬಲಕ್ಕೆ ತಿರುಗಿದರೆ ಕೊನೆಯ ಬಾಗಿಲು ಪ್ಲಾಸ್ಟರ್ ಕೋಣೆಯದು. ಒಳಗೆ ರೆಕ್ಸಿನ್ ಹೊದಿಸಿದ ಎತ್ತರದ ಮಂಚ, ಎರಡು ಸ್ಟೂಲು, ಉಗುರುಬೆಚ್ಚಗಿನ ನೀರಿನ ಬಕೆಟ್ಟು, ಗೋಡೆಗೆ ನೇತುಹಾಕಿದ ಗರಗಸ. ನೆಲ ಎಷ್ಟು ಒರೆಸಿದರೂ ಬೆಳ್ಳಗೇ ಇರುತ್ತದೆ. ಅಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವಳು ನಮ್ಮ ಕಟ್ಟಡದ ಎರಡನೇ ಮಹಡಿಯ ಪ್ಲಾಸ್ಟರಕ್ಕ. ಅವಳಿಗೆ ಬೇರೆ ಹೆಸರಿದೆ ಎಂಬುದು ಟಪಾಲಿನವನಿಗೆ ಮಾತ್ರ ಗೊತ್ತು.

ಆ ಆಸ್ಪತ್ರೆಗೆ ಅವಳು ಸೇರಿದ್ದು ಆಯಾ ಆಗಿ, ನೆಲ ಒರೆಸಲು, ಬಕೆಟ್ ಎತ್ತಲು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಪ್ಲಾಸ್ಟರ್ ಕೋಣೆಯಲ್ಲಿ ಆಗ ಇದ್ದವರು ಒಬ್ಬ ಮುದುಕರು, ಮಹಾ ಸಿಡುಕರು. ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಒಂದು ದಿನ ಸಹಾಯಕ ಬರಲಿಲ್ಲ. ಮೇಷ್ಟ್ರು ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಇವಳಿಗೆ, "ಏ, ಆ ಸುರುಳಿ ನೆನೆಸಿ ಕೊಡು" ಎಂದರು. ಇವಳು ಪ್ಲಾಸ್ಟರ್ ಸುರುಳಿಯನ್ನು ನೀರಿಗೆ ಬಿಟ್ಟು, ಗುಳ್ಳೆ ನಿಲ್ಲುವವರೆಗೆ ಕಾದು, ಎರಡೂ ತುದಿ ಹಿಡಿದು ಹಗುರಾಗಿ ಹಿಂಡಿ ಕೊಟ್ಟಳು. ಮೇಷ್ಟ್ರು ಮುಖ ನೋಡಿದರು.

"ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ನೀವು ಮಾಡೋದನ್ನ ದಿನಾ ನೋಡ್ತಿದ್ನಲ್ಲ."

"ನೋಡಿದ್ರೆ ಬರೋ ಹಾಗಿದ್ರೆ ಆ ಗೋಡೆ ಗಡಿಯಾರಕ್ಕೂ ಬರಬೇಕಿತ್ತು" ಎಂದು ಗೊಣಗಿದರು. ಆದರೆ ಮರುದಿನ ಮೇಟ್ರನ್ ಹತ್ತಿರ ಹೋಗಿ ಅವಳನ್ನು ತಮ್ಮ ಕೋಣೆಗೆ ಕೇಳಿ ಪಡೆದರು. ಅವರು ನಿವೃತ್ತರಾಗುವ ಹೊತ್ತಿಗೆ ಅವಳ ಕೈ ಅವರ ಕೈಗಿಂತ ಪಳಗಿತ್ತು.

ಮೇಷ್ಟ್ರು ಹೇಳಿಕೊಡದ ಒಂದು ವಿದ್ಯೆಯನ್ನು ಅವಳೇ ಕಂಡುಕೊಂಡಳು. ಮುರಿದ ಕೈಯನ್ನು ಡಾಕ್ಟರು ಎಳೆದು ಕೂಡಿಸುವಾಗ ರೋಗಿಯನ್ನು ಮಾತಿಗೆಳೆಯುವುದು. "ಎಲ್ಲಿ ಬಿದ್ರಿ? ಯಾವ ಕಾಲು ಮೊದಲು ಹೋಯ್ತು?" ಬಿದ್ದವರಿಗೆ ಬಿದ್ದ ಕಥೆ ಹೇಳುವಷ್ಟು ಉತ್ಸಾಹ ಬೇರೆ ಯಾವುದಕ್ಕೂ ಇರುವುದಿಲ್ಲ. ಕಥೆ ಮುಗಿಯುವುದರೊಳಗೆ ಮೂಳೆ ಕೂತಿರುತ್ತಿತ್ತು.

ನಮ್ಮ ಊರಿನಿಂದ ನಲವತ್ತು ಕಿಲೋಮೀಟರ್ ದೂರದಲ್ಲಿ ಬೆಟ್ಟದ ಮೇಲೆ ಹಳೆಯ ಕಾಲದ ಒಂದು ಪಟ್ಟಣ ಪಾಳುಬಿದ್ದಿದೆ. ಒಂದರ ಮೇಲೊಂದು ಮೂರು ಕಲ್ಲಿನ ಬಾಗಿಲು, ನೂರಾರು ಮೆಟ್ಟಿಲು, ಚಾವಣಿಯಿಲ್ಲದ ಕಂಬಗಳ ಅಂಗಳ, ತುದಿಯಲ್ಲೊಂದು ಕೊಳ. ದೂರದೂರದಿಂದ ಜನ ಬರುತ್ತಾರೆ. ಭಾನುವಾರ ಅವರು ಬೆಟ್ಟ ಹತ್ತಿದರೆ ಸೋಮವಾರ ಬೆಳಿಗ್ಗೆ ಅವರಲ್ಲಿ ಇಬ್ಬರೋ ಮೂವರೋ ಪ್ಲಾಸ್ಟರಕ್ಕನ ಮಂಚದ ಮೇಲಿರುತ್ತಿದ್ದರು. ಹೀಗೆ ಬೆಟ್ಟವನ್ನು ಒಮ್ಮೆಯೂ ನೋಡದೆ ಅವಳು ಅದನ್ನು ಮೂಳೆಗಳ ಲೆಕ್ಕದಲ್ಲಿ ಬಲ್ಲವಳಾದಳು. ಮೊದಲ ಬಾಗಿಲ ಮೆಟ್ಟಿಲು ಅಂದರೆ ಕಾಲಿನ ಗಿಣ್ಣು. ಕೊಳದ ಕಟ್ಟೆ ಅಂದರೆ ಮೊಣಕೈ. ಎರಡನೇ ಬಾಗಿಲು ಅಂದರೆ ಮಣಿಕಟ್ಟು, ಯಾವಾಗಲೂ ಮಣಿಕಟ್ಟು. "ಹೇಗೆ ಬಿದ್ರಿ?" ಎಂದರೆ ಎಲ್ಲರದೂ ಒಂದೇ ಉತ್ತರ: "ಕಾಲು ಜಾರ್ತು."

"ನೀನೂ ಒಂದು ಸಲ ಹೋಗಿ ಬಾರೇ" ಎಂದು ಗಂಡ ಹೇಳಿದರೆ, "ನಾನ್ಯಾಕೆ ಹೋಗ್ಲಿ? ಅದೇ ವಾರವಾರ ನನ್ನ ಹತ್ರ ಬರ್ತಿದೆಯಲ್ಲ" ಎನ್ನುತ್ತಿದ್ದಳು.

ಮೂರು ವರ್ಷದ ಹಿಂದೆ ಭಾವ ಮತ್ತು ಓರಗಿತ್ತಿ ಹತ್ತು ದಿನ ಇರಲು ಬರುತ್ತೇವೆಂದು ಫೋನು ಮಾಡಿದರು. ಭಾವ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಮಾತು ಕಮ್ಮಿ. ಆ ಕೊರತೆಯನ್ನು ಓರಗಿತ್ತಿ ಬಡ್ಡಿ ಸಮೇತ ತುಂಬುತ್ತಿದ್ದಳು. ಪ್ಲಾಸ್ಟರಕ್ಕ ಆಯಾ ಕೆಲಸಕ್ಕೆ ಸೇರಿದಾಗ, "ನಮ್ಮ ಮನೆ ಸೊಸೆ ಊರವರ ನೆಲ ಒರೆಸೋದಾ?" ಎಂದು ನೆಂಟರ ಎದುರಿಗೇ ಅಂದವಳು ಇವಳು. ಆ ಮಾತು ಇಬ್ಬರ ನಡುವೆ ಮುಳ್ಳಿನಂತೆ ಉಳಿದಿತ್ತು. ಬಂದು ಹೋಗುವುದು ತಪ್ಪಿರಲಿಲ್ಲ, ಆದರೆ ಮನಸ್ಸು ಬಿಚ್ಚಿ ಮಾತಾಡಿದ್ದಿಲ್ಲ.

ಬಂದ ದಿನವೇ ಓರಗಿತ್ತಿ ಚೀಲದಿಂದ ಬೆಳ್ಳಗೆ ಹೊಳೆಯುವ ಹೊಸ ಶೂಗಳನ್ನು ತೆಗೆದು ಮೇಜಿನ ಮೇಲಿಟ್ಟಳು. "ಈ ಭಾನುವಾರ ಬೆಟ್ಟಕ್ಕೆ ಹೋಗೋಣ. ಇವರು ಎಲ್ಲಾ ಬಾಗಿಲಿನ ಚಿತ್ರ ಬರೀಬೇಕಂತೆ."

ಪ್ಲಾಸ್ಟರಕ್ಕ ಶೂ ಎತ್ತಿ ಅಟ್ಟೆ ತಿರುಗಿಸಿ ನೋಡಿದಳು. "ಭಾನುವಾರ ಬೇಡ ಅಕ್ಕ. ಬುಧವಾರ ಹೋಗೋಣ, ಜನ ಕಮ್ಮಿ. ಇನ್ನು ಈ ಶೂ ಹಾಕ್ಕೊಂಡು ಅಲ್ಲೀತನಕ ದಿನಾ ನಾಲ್ಕು ಸಲ ನಮ್ಮ ಮೆಟ್ಟಿಲು ಹತ್ತಿ ಇಳೀರಿ."

"ಯಾಕೆ, ಪರೀಕ್ಷೆ ಇದೆಯಾ?"

"ಹೊಸ ಶೂಗೆ ಕಲ್ಲಿನ ಪರಿಚಯ ಇರಲ್ಲ. ನಮ್ಮಲ್ಲಿಗೆ ಬರೋ ಗಿಣ್ಣುಗಳಲ್ಲಿ ಅರ್ಧ ಹೊಸ ಶೂನವು."

ಅಂದಿನಿಂದ ತಯಾರಿ ಶುರುವಾಯಿತು. ಅವಳ ಕೋಣೆಗೆ ಪ್ಲಾಸ್ಟರ್ ಬಿಚ್ಚಿಸಿಕೊಳ್ಳಲು ಬರುತ್ತಿದ್ದವರಲ್ಲಿ ಬೆಟ್ಟದ ದಾರಿಯ ಟ್ಯಾಕ್ಸಿ ಡ್ರೈವರ್ ಒಬ್ಬನಿದ್ದ. ಗರಗಸ ಕೈಯಲ್ಲಿ ಹಿಡಿದು ಅವನನ್ನು ವಿಚಾರಿಸಿದಳು. ಗರಗಸ ಹಿಡಿದವರಿಗೆ ಯಾರು ಸುಳ್ಳು ಹೇಳುತ್ತಾರೆ? ಮೊದಲ ಬಸ್ಸು ಆರೂ ಕಾಲಿಗೆ, ಬಿಸಿಲೇರುವ ಮೊದಲೇ ಎರಡನೇ ಬಾಗಿಲು ಮುಟ್ಟಬೇಕು, ಇಳಿಯುವಾಗ ಮುಂದಿನ ಮೆಟ್ಟಿಲು ಬೇಡ, ಹಿಂದೆ ಗಾಡಿದಾರಿಯಿದೆ, ಕೊನೆಯ ಬಸ್ಸು ಐದಕ್ಕೆ. ಎಲ್ಲವನ್ನೂ ಎಕ್ಸ್‌ರೇ ಲಕೋಟೆಯೊಂದರ ಹಿಂಭಾಗದಲ್ಲಿ ಬರೆದಳು. ಭಾವ ಅದೇ ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬೆಟ್ಟ ಬಿಡಿಸಿ ಮೂರು ಬಾಗಿಲು ಗುರುತಿಸಿದರು. ಅವಳು ಒಂದೊಂದರ ಪಕ್ಕದಲ್ಲೂ ಮೂಳೆಯ ಹೆಸರು ಬರೆದಳು.

ಗಂಡ ಬಗ್ಗಿ ನೋಡಿದ. "ಇದು ಪ್ರವಾಸವೋ ಆಪರೇಷನ್ನೋ?"

"ನಾವು ನೋಡೋಕೆ ಹೋಗ್ತಿದೀವೋ ಬೀಳೋಕೆ ಹೋಗ್ತಿದೀವೋ?" ಎಂದು ಓರಗಿತ್ತಿ ದನಿಗೂಡಿಸಿದಳು. ಆದರೂ ಗೊಣಗುತ್ತಲೇ ಮೆಟ್ಟಿಲು ಹತ್ತಿ ಇಳಿದಳು. ಮೂರನೇ ದಿನ ಹಿಮ್ಮಡಿಯಲ್ಲಿ ಗುಳ್ಳೆ ಎದ್ದಿತು. ಪ್ಲಾಸ್ಟರಕ್ಕ ಅದಕ್ಕೆ ಹತ್ತಿ ಇಟ್ಟು ಪಟ್ಟಿ ಅಂಟಿಸಿ, ತನ್ನ ಹಳೆಯ ದಪ್ಪ ಕಾಲುಚೀಲ ತಂದುಕೊಟ್ಟಳು. ಓರಗಿತ್ತಿ ಕಾಲು ನೋಡಿಕೊಂಡಳು. "ಇದೇ ಗುಳ್ಳೆ ಬೆಟ್ಟದ ಮೇಲೆ ಎದ್ದಿದ್ರೆ ನನ್ನನ್ನ ಹೊತ್ಕೊಂಡು ಇಳೀಬೇಕಿತ್ತು" ಎಂದಳು. ಅವಳ ಬಾಯಲ್ಲಿ ಅದು ಹೊಗಳಿಕೆಯೇ.

ಬುಧವಾರ ನಾಲ್ವರೂ ಮೊದಲ ಬಸ್ಸು ಹಿಡಿದರು. ಬುತ್ತಿ, ನೀರು, ಎರಡು ಊರುಗೋಲು, ಕ್ರೇಪ್ ಬ್ಯಾಂಡೇಜು, ಮೂಳೆ ಮುರಿದರೆ ಕಟ್ಟಲು ಎರಡು ಮರದ ಪಟ್ಟಿ. ಮರದ ಪಟ್ಟಿಗಳನ್ನು ಚೀಲದ ತಳದಲ್ಲಿ ಮುಚ್ಚಿಟ್ಟಿದ್ದಳು, ಓರಗಿತ್ತಿ ಕಂಡರೆ ಇನ್ನೊಂದು ಭಾಷಣ ಕೇಳಬೇಕಾದೀತೆಂದು. ಮೊದಲ ಬಾಗಿಲನ್ನು ಸಲೀಸಾಗಿ ದಾಟಿದರು. ಅವಳು ಪ್ರತಿ ಮೆಟ್ಟಿಲನ್ನೂ ಹಳೆಯ ಪರಿಚಯದವರನ್ನು ನೋಡುವಂತೆ ನೋಡುತ್ತಾ, "ಹಾಂ, ಇದೇ ಇರಬೇಕು, ನೋಡಿ ಹೇಗೆ ಸವೆದಿದೆ" ಎನ್ನುತ್ತಾ ಹತ್ತಿದಳು.

ಎರಡನೇ ಬಾಗಿಲು ಅಂದರೆ ಹತ್ತು ಹೆಜ್ಜೆ ಉದ್ದದ ಕತ್ತಲೆ ಓಣಿ. ಎಲ್ಲರೂ ಹುಷಾರಾಗಿ ಗೋಡೆ ಹಿಡಿದು ನಡೆದರು. ಏನೂ ಆಗಲಿಲ್ಲ. ಓಣಿ ದಾಟಿ ಹೊರಬಂದವಳೇ ಅವಳು ಹಿಂದಿನವರಿಗೆ ದಾರಿಬಿಟ್ಟು ಪಕ್ಕಕ್ಕೆ ನಿಂತು ತಲೆಯೆತ್ತಿದಳು.

ಎದುರಿಗೆ ಇಡೀ ಅಂಗಳ. ಸಾಲು ಸಾಲು ಕಂಬಗಳು, ಕೆಲವು ನಿಂತಿವೆ, ಕೆಲವು ಅರ್ಧಕ್ಕೆ ಮುರಿದಿವೆ. ಬೆಳಗಿನ ಬಿಸಿಲು ಒಂದೊಂದರ ಬದಿಯಲ್ಲೂ ಬಿದ್ದು ನೆರಳುಗಳು ಅಂಗಳದ ಆಚೆ ತುದಿಯವರೆಗೂ ಚಾಚಿದ್ದವು. ಕಂಬಗಳ ನಡುವಿನಿಂದ ಕೆಳಗೆ ಬಯಲು, ದೂರದಲ್ಲಿ ಮಸುಕಾಗಿ ನಮ್ಮ ಊರು, ಅದರಾಚೆ ಇನ್ನೂ ಎಷ್ಟೋ. ಇಷ್ಟು ವರ್ಷ ಗಿಣ್ಣು, ಮಣಿಕಟ್ಟು ಎಂದೇ ಬಲ್ಲ ಜಾಗ ಇಷ್ಟು ಚೆಂದ ಇರಬಹುದು ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ. ಬಂದವರಲ್ಲಿ ಒಬ್ಬರಾದರೂ ಹೇಳಿದ್ದರೇ? ಅವಳು ಕೇಳಿದ್ದರೆ ತಾನೇ ಹೇಳುವುದು.

"ಅಬ್ಬಾ!" ಎಂದು, ಎಲ್ಲವೂ ಒಟ್ಟಿಗೆ ಕಾಣಲೆಂದು ಒಂದು ಹೆಜ್ಜೆ ಹಿಂದೆ ಸರಿದಳು. ಇನ್ನೊಂದು ಹೆಜ್ಜೆ ಎತ್ತಿದಳು.

"ಏ, ಹಿಂದೆ ನೋಡೇ!" ಓರಗಿತ್ತಿ ಅವಳ ರಟ್ಟೆ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಮುಗ್ಗರಿಸಿದರು.

ಹಿಂದೆ, ಬಾಗಿಲ ಪಕ್ಕದಲ್ಲಿ ಗೋಡೆಯುದ್ದಕ್ಕೂ, ಮಳೆನೀರು ಹರಿಯಲು ಹಳಬರು ಕಲ್ಲಿನಲ್ಲಿ ಕೊರೆದ ಕಾಲುವೆಯಿತ್ತು. ಒಂದು ಗೇಣು ಆಳ, ಎರಡು ಗೇಣು ಅಗಲ. ಮುಂದೆ ನೋಡುತ್ತಾ ಬಂದವರ ಕಣ್ಣಿಗೆ ಅದು ಬೀಳುವಂತಿರಲಿಲ್ಲ. ಪ್ಲಾಸ್ಟರಕ್ಕ ಅದನ್ನು ನೋಡುತ್ತಾ ನಿಂತೇಬಿಟ್ಟಳು.

"ಜಾರಿದ್ದಲ್ಲ ಅಕ್ಕ, ಯಾರೂ ಜಾರಿಲ್ಲ" ಎಂದಳು. "ಎಲ್ಲರೂ ಹಿಂದೆ ಹೋಗಿ ಬಿದ್ದಿದ್ದು. ಹಿಂದೆ ಬಿದ್ರೆ ಕೈ ಊರ್ತಾರೆ. ಅದಕ್ಕೇ ಮಣಿಕಟ್ಟು."

"ಹಾಗಂತ ಯಾರೂ ಹೇಳಿಲ್ವಾ ನಿಂಗೆ?"

"ಬಾಯಿಬಿಟ್ಟು ನೋಡ್ತಾ ಹಿಂದೆ ನಡೆದೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಇರಬೇಕು."

ಓರಗಿತ್ತಿ ನಕ್ಕಳು. ಅವಳ ಕೈ ಇನ್ನೂ ರಟ್ಟೆ ಬಿಟ್ಟಿರಲಿಲ್ಲ. ಆಮೇಲೆ ನಗು ನಿಲ್ಲಿಸಿ, ಬೇರೆ ಕಡೆ ನೋಡುತ್ತಾ ಹೇಳಿದಳು, "ಆವತ್ತು ನೆಲ ಒರೆಸೋ ವಿಷಯಕ್ಕೆ ಏನೋ ಅಂದುಬಿಟ್ಟೆ. ನೆನಪಿದೆಯಲ್ಲ ನಿಂಗೆ?"

"ನೆನಪಿದೆ."

"ಅನ್ನಬಾರದಿತ್ತು."

ಪ್ಲಾಸ್ಟರಕ್ಕ ಪರವಾಗಿಲ್ಲ ಎನ್ನಲಿಲ್ಲ. ಅದು ಪರವಾಗಿಲ್ಲ ಎನ್ನುವಂಥ ಮಾತಾಗಿರಲಿಲ್ಲ. ಚೀಲದಿಂದ ನೀರಿನ ಬಾಟಲಿ ತೆಗೆದು ಮೊದಲು ಓರಗಿತ್ತಿಗೆ ಕೊಟ್ಟಳು.

ಅವತ್ತು ಅವಳು ಮೂರನೇ ಬಾಗಿಲಿಗೆ ಹೋಗಲಿಲ್ಲ. ಗಂಡ, ಭಾವ ಇಬ್ಬರೇ ಹೋಗಿಬಂದರು. ಇವರಿಬ್ಬರೂ ಮುರಿದ ಕಂಬವೊಂದರ ಮೇಲೆ ಕೂತು, ಓಣಿಯಿಂದ ಹೊರಬರುವವರನ್ನು ನೋಡುತ್ತಾ, "ಹಿಂದೆ ಕಾಲುವೆ, ಹಿಂದೆ ಕಾಲುವೆ" ಎಂದು ಸರದಿಯ ಮೇಲೆ ಕೂಗಿದರು. ಒಂದು ಗಂಟೆಯಲ್ಲಿ ಹನ್ನೊಂದು ಜನ ಹಿಂದೆ ಸರಿದರು. ಕಾವಲುಗಾರ ಬಂದು, ಇಲ್ಲಿ ಕೂಗಬಾರದು ಎಂದ. ವಿಷಯ ತಿಳಿಸಿದರೆ, "ಆಫೀಸಿಗೆ ಹೇಳಿ" ಎಂದ.

ಅವಳು ಆಫೀಸಿಗೂ ಹೇಳಿದಳು. ಮೊದಲು ಡಾಕ್ಟರ ಅನುಮತಿ ಪಡೆದು ಮೂರು ವರ್ಷದ ರಿಜಿಸ್ಟರ್ ತಿರುವಿ, ಎರಡನೇ ಬಾಗಿಲಿನಿಂದ ಬಂದ ಮಣಿಕಟ್ಟುಗಳನ್ನು ಎಣಿಸಿದಳು. ನಲವತ್ತೇಳು. ಹೆಸರು ಬಿಟ್ಟು ತಾರೀಕು, ವಯಸ್ಸು, ಯಾವ ಕೈ ಎಂಬುದನ್ನಷ್ಟೇ ಬರೆದು ಪಾಳು ಪಟ್ಟಣದ ಉಸ್ತುವಾರಿ ಕಚೇರಿಗೆ ಒಯ್ದಳು. ಅಲ್ಲಿನ ಅಧಿಕಾರಿ ಸಜ್ಜನ. ಪೂರ್ತಿ ಓದಿದ.

"ಕಂಬಿ ಹಾಕಬೇಕು ಅಂದ್ರೆ ಕಲ್ಲು ಕೊರೀಬೇಕಮ್ಮ. ಆ ಕಲ್ಲಿಗೆ ಮೊಳೆ ಹೊಡೆಯೋ ಹಾಗೂ ಇಲ್ಲ."

"ಕೊರೀಬೇಡಿ ಸಾರ್. ಒಂದು ಭಾರದ ಬೆಂಚು ಇಡಿ ಸಾಕು. ಕಾಲುವೆ ಮುಂದೆ, ಅಡ್ಡಕ್ಕೆ. ಹಿಂದೆ ಬಂದವರು ಕೂತ್ಕೋತಾರೆ, ಬೀಳಲ್ಲ."

ಅಧಿಕಾರಿ ಪಟ್ಟಿಯನ್ನು ಇನ್ನೊಮ್ಮೆ ನೋಡಿದ. ಆಮೇಲೆ ಪತ್ರದ ಮೇಲೆ ಏನೋ ಗೀಚಿ ಕಡತಕ್ಕೆ ಸೇರಿಸಿದ. ಎರಡು ಜ್ಞಾಪನ ಪತ್ರ, ಐದು ತಿಂಗಳು ಹಿಡಿಯಿತು. ಕೊನೆಗೆ ಬೆಂಚು ಬಂತು. ಕಾಲುವೆಯುದ್ದಕ್ಕೂ ಎರಡು, ಗಟ್ಟಿಮುಟ್ಟಾದ ನಾಲ್ವರು ನೂಕಿದರೂ ಅಲ್ಲಾಡದಂಥವು.

ಮಣಿಕಟ್ಟುಗಳು ಕಮ್ಮಿಯಾದವು, ನಿಂತುಹೋಗಲಿಲ್ಲ. ಬೆಂಚು ಬಂದ ಎರಡನೇ ತಿಂಗಳಲ್ಲಿ ಒಬ್ಬ ದಪ್ಪನೆಯ ಮನುಷ್ಯ ಮೊಣಕೈ ಹಿಡಿದುಕೊಂಡು ಬಂದ. ಎಂದಿನಂತೆ, ಎಲ್ಲಿ ಬಿದ್ರಿ ಎಂದು ಕೇಳಿದಳು. ಎರಡನೇ ಬಾಗಿಲ ಹತ್ತಿರ, ಕಾಲು ಜಾರ್ತು ಎಂದ. ಅವಳು ಸುರುಳಿ ಹಿಂಡುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಬೆಂಚಿನ ಮೇಲೆ ಹತ್ತಿದ್ದೆ, ಫೋಟೋ ತೆಗೆಯೋಕೆ" ಎಂದು ಅವನೇ ಒಪ್ಪಿಕೊಂಡ.

ಹೋದ ವರ್ಷ ನಿವೃತ್ತಳಾದಳು. ಈಗ ಕಟ್ಟಡದಲ್ಲಿ ಯಾರ ಮನೆಗೆ ನೆಂಟರು ಬಂದರೂ, ಬೆಟ್ಟಕ್ಕೆ ಹೋಗುವ ಮುಂಚೆ ಅವಳ ಬಾಗಿಲು ತಟ್ಟುತ್ತಾರೆ. ಬಸ್ಸಿನ ಹೊತ್ತು, ಶೂ, ಗಾಡಿದಾರಿ ಎಲ್ಲ ಹೇಳಿ ಕಡೆಗೆ, "ಎರಡನೇ ಬಾಗಿಲು ದಾಟಿದ ಮೇಲೆ ನಿಂತ ಕಡೆ ನಿಂತು ನೋಡಿ. ಅವಸರ ಇಲ್ಲ, ಅದೆಲ್ಲೂ ಓಡಿಹೋಗಲ್ಲ" ಎನ್ನುತ್ತಾಳೆ. ನನಗೂ ಹೇಳಿದ್ದಾಳೆ.

ಓರಗಿತ್ತಿ ಈಗ ವರ್ಷಕ್ಕೆರಡು ಸಲ ಬರುತ್ತಾಳೆ, ಕೆಲವೊಮ್ಮೆ ಭಾವನನ್ನು ಬಿಟ್ಟು. ಕಳೆದ ಸಲ ಇಬ್ಬರೇ ಹೋಗಿ ಮೂರನೇ ಬಾಗಿಲನ್ನೂ ದಾಟಿ, ಕೊಳದ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿದರಂತೆ. ಮಾತಿಗೆ ಮಾತು ಬೆಳೆದು ಐದರ ಬಸ್ಸು ತಪ್ಪಿತು. ತರಕಾರಿ ಲಾರಿಯೊಂದರ ಮುಂದಿನ ಸೀಟಿನಲ್ಲಿ, ಡ್ರೈವರನಿಗೆ ದಾರಿಯುದ್ದಕ್ಕೂ ಬುದ್ಧಿ ಹೇಳುತ್ತಾ ಊರು ಸೇರಿದರು.