ಮೊಮ್ಮಗಳು ಒಪ್ಪಿಕೊಂಡ ತಪ್ಪು

ನನ್ನ ಮೊಮ್ಮಗಳು ಪೇಪರಿನ ಸಂಪಾದಕಿಯಾಗಿದ್ದಾಗ ಏನಾದ್ರೂ ತಪ್ಪು ಅಚ್ಚಾದರೆ ಮರುದಿನವೇ ಮೊದಲನೇ ಪುಟದಲ್ಲಿ ಒಪ್ಪಿಕೊಳ್ಳೋಳು. ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟ ನಾನು ಅಕ್ಷರ ಕೂಡಿಸಿಕೊಂಡು ಅದನ್ನೇ ಮೊದಲು ಓದ್ತಿದ್ದೆ.

ಈಗ ಅವಳು ಎಮ್ಮೆಲ್ಲೆ. ನಮ್ಮ ಸಿಂಗಾಪುರ ಹಳ್ಳಿಯ ಬೀದಿಗೆ ಯುಗಾದಿಯೊಳಗೆ ನಲ್ಲಿ ನೀರು ಕೊಡಿಸ್ತೀನಿ ಅಂದಿದ್ದಳು, ನೀರು ಬರಲಿಲ್ಲ. ಹಬ್ಬದ ಮಾರನೇ ದಿನ ಜನ ಖಾಲಿ ಬಿಂದಿಗೆ ಹಿಡಿದು ಅರಳಿಕಟ್ಟೆ ಹತ್ರ ಸೇರಿದರು. ನನ್ನ ಕೂಸಿನ ಮಾನ ಹೋಯ್ತು ಅಂತ ನಾನೂ ಅಲ್ಲಿಗೆ ಓಡಿದೆ.

ಅವಳು ಕಟ್ಟೆ ಹತ್ತಿ, "ಪೈಪಿನ ಕೆಲಸ ನೋಡ್ದೇನೇ ಮಾತು ಕೊಟ್ಟೆ. ತಪ್ಪು ನಂದೇ" ಅಂದಳು.

ಅದೇ ಪೇಪರಿನ ಮಾತು, ಇಷ್ಟು ಜನರ ಮುಖ ನೋಡ್ಕೊಂಡು! ನಾನು ಬೆರಗಾಗಿಬಿಟ್ಟೆ.

ಪಕ್ಕದ ಮನೆಯಾಕೆ ಬಿಂದಿಗೆ ಕೆಳಗಿಟ್ಟು, "ಎಮ್ಮೆಲ್ಲೆ ಬಾಯಲ್ಲಿ ಇದೇ ಫಸ್ಟು ಕೇಳಿದ್ದು ಕಣ್ರೀ! ಸರಿ, ಯಾವಾಗ ಬರುತ್ತೆ ಹೇಳಮ್ಮ" ಅಂದಳು.

"ಈ ಸಲ ನೋಡ್ಕೊಂಡು ಬಂದು ಹೇಳ್ತೀನಿ, ಅಕ್ಕ."

ಜನ ಗೊಳ್ಳಂತ ನಕ್ಕರು. ನಾನು ಅಷ್ಟು ಜನದ ಮಧ್ಯೆಯೇ ನೆಟಿಗೆ ಮುರಿದು ಅವಳಿಗೆ ದೃಷ್ಟಿ ತೆಗೆದೆ.