ತಂತಿಯ ದಾರಿ ಬಲ್ಲ ಹೆರ್ಗೇರ್

ತೊಳೆಯದ ಕುರಿಯುಣ್ಣೆಯ ಜಿಡ್ಡುವಾಸನೆ ಹೆರ್ಗೇರ್ ಅವರಿಗೆ ತೊಟ್ಟಿಲಿನಿಂದಲೇ ಪರಿಚಿತ. ಬೇಸಿಗೆಯಲ್ಲಿ ತಾಯಿ ಉಣ್ಣೆಯ ಮೂಟೆಗಳನ್ನು ಅಡುಗೆಮನೆಯ ಬಾಗಿಲಲ್ಲೇ ಪೇರಿಸುತ್ತಿದ್ದರಂತೆ. ಬ್ರೆಡ್ಡಿಗೂ ಅದೇ ವಾಸನೆ, ದಿಂಬಿಗೂ ಅದೇ. ಆ ಮಗು ಬೆಳೆದು, ಸುವುರೋಯ್ ದ್ವೀಪದ ನಮ್ಮ ಹಡಗುಕಟ್ಟೆಯಲ್ಲಿ ನಲವತ್ತೊಂದು ವರ್ಷ ವೆಲ್ಡಿಂಗ್ ಯಂತ್ರಗಳ ವೈದ್ಯರಾಗಿ ದುಡಿದು, ಈಗ ನಿವೃತ್ತರಾಗುತ್ತಿದ್ದಾರೆ. ಫ್ಯಾರೋ ದ್ವೀಪಗಳಲ್ಲಿ ಹಡಗು ರಿಪೇರಿ ಬಲ್ಲವರು ಅನೇಕರಿದ್ದರೂ, ಸುರುಳಿಯಿಂದ ಹೊರಟ ತಂತಿ ಬೆಸುಗೆಯ ತುದಿ ಮುಟ್ಟುವ ಮುನ್ನ ಎಲ್ಲಿ ಮುಗ್ಗರಿಸುತ್ತದೆಂದು ಬರಿಯ ಕಿವಿಯಿಂದ ಹೇಳಬಲ್ಲವರು ಅವರೊಬ್ಬರೇ.

ಸೇರಿದ ಮೊದಲ ಚಳಿಗಾಲದಿಂದಲೂ, ಯಂತ್ರ ಸರಿಪಡಿಸಿದ ಮೇಲೆ ಬೆಸುಗೆಗಾರರ ಒದ್ದೆ ಕೈಗವಸುಗಳನ್ನು ಬಿಸಿನೀರಿನ ಪೈಪಿನ ಮೇಲೆ ಒಣಹಾಕಿಯೇ ಅವರು ಹೊರಡುತ್ತಿದ್ದರು. ಯಾರೂ ಕೇಳಿರಲಿಲ್ಲ, ಅವರೂ ಹೇಳಿಕೊಳ್ಳಲಿಲ್ಲ.

ಹತ್ತು ವರ್ಷದ ಹಿಂದೆ, ಕಟ್ಟೆಯ ಮೊದಲ ಬೆಸುಗೆಗಾರ್ತಿ ಸುನ್ವೋರಳ ಅರ್ಹತಾ ಪರೀಕ್ಷೆ. ಪರೀಕ್ಷಕರು ಮಧ್ಯಾಹ್ನದ ಹಡಗಿಗೆ ಹೊರಡುವವರು. ಮತ್ತೆ ಬರುವುದು ಶರತ್ಕಾಲಕ್ಕೆ. ಪ್ರಮಾಣಪತ್ರ ಸಿಗದಿದ್ದರೆ ಅವಳಿಗೆ ಅಲ್ಲಿಯವರೆಗೆ ತುಕ್ಕು ಉಜ್ಜುವ ಕೆಲಸವೇ ಗತಿ. ಅಂದೇ ತಂತಿ ತಡೆತಡೆದು ಬರತೊಡಗಿತು. ತಂತಿಯನ್ನು ಮುಂದೆ ತಳ್ಳುವ ರೋಲರು ಬಿಗಿಮಾಡಿದಷ್ಟೂ ಒಳಗೇ ಗೋಜಲಾಯಿತು. ಪರೀಕ್ಷೆಗೆ ಬೆಸೆಯಬೇಕಿದ್ದ ಮೊದಲ ಪ್ಲೇಟು ಕೆಟ್ಟಿತು.

"ಏನೇ, ಹೆಣಿಗೆ ಹಾಕ್ತಿದ್ಯಾ? ನಂಗೊಂದು ಸ್ವೆಟರ್ ಆಗತ್ತೆ ಬಿಡು!" ಎಂದ ಪಕ್ಕದ ಬೆಸುಗೆಗಾರ ತುಮ್ಮಸ್.

"ಬಾಯ್ಮುಚ್ಕೊಂಡು ಹೆರ್ಗೇರ್ ಮಾವನ್ನ ಕರಿಯೋ!" ಎಂದಳು ಸುನ್ವೋರ್.

ಬಂದವರು ಮೊದಲು ಫ್ಯಾನು ನಿಲ್ಲಿಸಿ ಕಿವಿಗೊಟ್ಟರು. ರೋಲರು ಸಡಿಲಿಸಿದರು, ಸುತ್ತಿಕೊಂಡಿದ್ದ ಕೇಬಲನ್ನು ನೇರಮಾಡಿದರು, ತುದಿಯ ತಾಮ್ರದ ಮೂತಿ ಬದಲಿಸಿದರು. ಆದರೂ ತಂತಿ ತೊದಲಿತು. ಕೊನೆಗೆ ಕೇಬಲಿನೊಳಗೆ ತಂತಿ ಸಾಗುವ ಉದ್ದನೆಯ ನಾಳವನ್ನೇ ಹೊರಗೆಳೆದು ತಟ್ಟಿದರು. ಕಂದು ಜಿಡ್ಡಿನ ಎಳೆಗಳು ಅಂಗೈಗೆ ಉದುರಿದವು. ಮೂಗಿಗೆ ಹಿಡಿದರು. ಅದೇ ತೊಟ್ಟಿಲಿನ ವಾಸನೆ. ಬರಿ ಧೂಳು ಎಂದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ಸಾರ್, ಇದು ನನ್ನ ಕುರಿ ಉಣ್ಣೆ. ತಂತಿ ತುಕ್ಕು ಒರೆಸ್ಲಿ ಅಂತ ಬೆಳಿಗ್ಗೆ ನಾನೇ ತಂತಿ ಒಳಹೋಗೋ ಕಡೆ ಸಿಕ್ಕಿಸಿದ್ದೆ. ಒಳ್ಳೇ ಫೆಲ್ಟ್ ಬಟ್ಟೆ ತುಂಡು ಹಾಕೋ ಬದ್ಲು ತೊಳೀದೇ ಇರೋದನ್ನ ಹಾಕ್ಬಿಟ್ಟೆ. ತಪ್ಪು ನಂದು, ಇವಳ ಕೈದಲ್ಲ. ಇನ್ನೊಂದು ಪ್ಲೇಟು ಕೊಡಿ."

"ನಿಮ್ಮ ಟಗರು ಇಲ್ಲಿಗೂ ಬಂತಾ ಮಾರಾಯ್ರೇ!" ಎಂದ ತುಮ್ಮಸ್. ಪರೀಕ್ಷಕರೂ ನಕ್ಕುಬಿಟ್ಟರು. ಗಡಿಯಾರ ನೋಡಿ, "ಮುಕ್ಕಾಲು ಗಂಟೆ ಇದೆ. ಬೇಗ!" ಎಂದರು.

ಉಣ್ಣೆ ಕಿತ್ತು, ಹೊಸ ನಾಳ ಹಾಕಿದ ಮೇಲೆ ತಂತಿ ಒಂದೇ ಸಮನೆ ಹರಿಯಿತು. ಸುನ್ವೋರ್ ಹಾಕಿದ ಬೆಸುಗೆಯನ್ನು ಯಂತ್ರದಲ್ಲಿ ಬಗ್ಗಿಸಿದರೂ ಒಂದು ಬಿರುಕಿಲ್ಲ. ಅವಳ ಕೇಕೆಗೆ ಮಾಡಿನ ಕಡಲಹಕ್ಕಿಗಳು ಹಾರಿಹೋದವು.

ತಮ್ಮ ಹೆಸರಿಗಿಂತ ಇನ್ನೊಬ್ಬರ ಅನ್ನ ದೊಡ್ಡದೆಂದು ಬಗೆದ ಈ ಹಿರಿಯರು ನೂರ್ಕಾಲ ಸುಖವಾಗಿರಲಿ. ಮನೆಯ ದೋಣಿಕೊಟ್ಟಿಗೆಯಲ್ಲಿ ಅವರು ತೆರೆಯಲಿರುವ ಪುಟ್ಟ ಕಾರ್ಯಾಗಾರಕ್ಕೆ ಕಾಯಿಲೆಯ ಯಂತ್ರಗಳು ತಪ್ಪದೆ ಬರುತ್ತಿರಲಿ. ಪರೀಕ್ಷೆಯ ಆ ದಿನ ಎಲ್ಲರೂ ಸುನ್ವೋರಳನ್ನು ಮುತ್ತಿಕೊಂಡಿದ್ದಾಗ, ಹೆರ್ಗೇರ್ ಮಾತ್ರ ಮೂಲೆಯಲ್ಲಿ ಬರಿಹೊಟ್ಟೆಯಲ್ಲೇ ಸಲಕರಣೆ ಒರೆಸುತ್ತಿದ್ದರು. ಸುನ್ವೋರ್ ಗುಂಪಿನಿಂದ ನುಸುಳಿ ಬಂದು, ಒಣಮಾಂಸವೂ ಬೇಯಿಸಿದ ಆಲೂಗಡ್ಡೆಯೂ ಇದ್ದ ತನ್ನ ಊಟದ ಡಬ್ಬಿಯನ್ನು ಅವರ ಕೈಗಿಟ್ಟಳು.